ಲಾಡಿ ಕಟ್ಟಿದ ಕೈ

ನನ್ನ ಕೋಣೆ, ಕಿಟಕಿ ಪಕ್ಕದ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಬಾಗಿಲ ಚೌಕಟ್ಟನ್ನು ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡಿದ್ದೀಯ ಎಂದು ಅತ್ತಿಗೆ ಹೇಳಿದರು. ಅಷ್ಟರಲ್ಲಿ ನೀನು ಫೋನು ಕಿತ್ತುಕೊಂಡು "ಏನೂ ಆಗಿಲ್ಲ ಬಿಡೋ, ಇವಳಿಗೆ ಎಲ್ಲದಕ್ಕೂ ಗಾಬರಿ" ಎಂದೆ. ಹಿಂದಿನಿಂದ ಅತ್ತಿಗೆ "ನೆಟ್ಟಗೆ ಕೂರೋಕೆ ಆಗ್ತಿಲ್ಲ, ಬಾಯಿಗೇನೂ ಕಮ್ಮಿ ಇಲ್ಲ" ಎಂದದ್ದೂ ಕೇಳಿಸಿತು. ಎರಡು ದಿನ ಅಂಗಡಿಗೆ ಬೀಗ ಹಾಕು, ಬಿಸಿ ಎಣ್ಣೆ ಹಚ್ಚಿಸಿಕೊಂಡು ಮಲಗು. ಯಾರ ಮನೆಯ ಬಾಗಿಲೂ ಓಡಿಹೋಗುವುದಿಲ್ಲ. ಅಮ್ಮನ ಮಂಡಿ ಹೇಗಿದೆ? ಮಾತ್ರೆ ನುಂಗಿದೆ ಎಂದು ಹೇಳಿ ದಿಂಬಿನ ಕೆಳಗೆ ಸೇರಿಸುವವಳು ಅವಳು, ಆಗಾಗ ದಿಂಬು ಎತ್ತಿ ನೋಡಿ. ಪುಟ್ಟಿ ಅಳದೆ ಶಾಲೆಗೆ ಹೋಗುತ್ತಿದ್ದಾಳೆಯೇ?

ನಾನು ಚೆನ್ನಾಗಿದ್ದೇನೆ. ಎರಡು ಹೊತ್ತೂ ಹೊಟ್ಟೆ ತುಂಬ ಉಣ್ಣುತ್ತೇನೆ, ಪ್ಯಾಂಟು ಸೊಂಟದಲ್ಲಿ ಸ್ವಲ್ಪ ಬಿಗಿಯೇ ಆಗಿದೆ. ಫೋನು ಕೈಯಲ್ಲಿರುವಾಗ ಇವನಿಗೇನು ಬಂತು, ಕಾಗದ ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಿರಬೇಕು. ಹೋದ ವಾರ ಮೂರು ಸಲ ಫೋನು ಮಾಡಿದೆನಲ್ಲ, ಮೂರು ಸಲವೂ ಇದನ್ನೇ ಹೇಳಬೇಕೆಂದಿದ್ದೆ. ನೀನು "ಊಟ ಆಯ್ತಾ" ಎಂದ ಕೂಡಲೇ ನಾಲಿಗೆ ಬೇರೆ ದಾರಿ ಹಿಡಿಯಿತು. ಒಂದು ಸಲ ಹವಾಮಾನದ ಬಗ್ಗೆ ಕಾಲು ಗಂಟೆ ಮಾತಾಡಿದೆ, ನೀನೂ ಪಾಪ ಅಲ್ಲಿಯ ಹವಾಮಾನ ಹೇಳಿದೆ. ನಿನ್ನ ದನಿ ಕಿವಿಗೆ ಬಿದ್ದರೆ ನನಗೆ ಸುಳ್ಳು ಸಲೀಸಾಗಿ ಬರುತ್ತದೆ, ಚಿಕ್ಕಂದಿನಿಂದ ಬಂದ ಅಭ್ಯಾಸ. ಕೆಳಗಿನ ಮನೆಯಲ್ಲಿ ನಮ್ಮ ಕಡೆಯ ನರ್ಸಮ್ಮ ಒಬ್ಬರಿದ್ದಾರೆ. ಇವತ್ತು ಮಧ್ಯಾಹ್ನ ಊರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ, ಬುಧವಾರದ ಹೊತ್ತಿಗೆ ನಿನಗೆ ಸಿಗಬೇಕು. ಅಂಗಡಿಯಲ್ಲಿ ಕೂತು ಓದು, ಮನೆಯಲ್ಲಿ ಬೇಡ. ಅಮ್ಮನ ಮುಂದಂತೂ ಬೇಡವೇ ಬೇಡ. ಅವಳು ಬೀದಿಯಲ್ಲೆಲ್ಲ ನಾನು ಮರದ ಎಂಜಿನಿಯರಿಂಗ್ ಓದುತ್ತಿದ್ದೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದಾಳಂತೆ, ಇನ್ನೂ ನಾಲ್ಕು ದಿನ ಹೇಳಿಕೊಳ್ಳಲಿ.

ನಾನು ಇಲ್ಲಿಗೆ ಬಡಗಿ ಕೆಲಸ ಕಲಿಯಲು ಹೊರಟಾಗ ನೀನು ನಕ್ಕದ್ದು ನೆನಪಿದೆ. "ಇದನ್ನ ಕಲಿಯೋಕೆ ವಿಮಾನ ಹತ್ತಬೇಕಾ? ನನ್ನ ಅಂಗಡಿಗೆ ಬಸ್ಸೇ ಸಾಕಿತ್ತು" ಎಂದಿದ್ದೆ. ನಾನೂ ನಕ್ಕೆ. ನನಗೆ ಕೆಲಸ ಬೇಕಿರಲಿಲ್ಲ ಅಣ್ಣ, ಇಲ್ಲಿ ಖಾಯಂ ಇರಲು ಪರವಾನಗಿ ಬೇಕಿತ್ತು. ಬಿ.ಕಾಂ. ಮಾಡಿದವರು ಇಲ್ಲಿ ಯಾರಿಗೂ ಬೇಡ. ಬಡಗಿಗಳು ಬೇಕು, ಕೊಳಾಯಿ ಕೆಲಸದವರು ಬೇಕು, ಗಾರೆಯವರು ಬೇಕು. ಕೋರ್ಸು ಮುಗಿಯುತ್ತ ಬಂದಾಗ ಒಂದು ಕಚೇರಿಯವರು ಇವನಿಗೆ ನಿಜವಾಗಿ ಕೆಲಸ ಬರುತ್ತದೆಯೇ ಎಂದು ಫೈಲು ನೋಡಿ ವಿಚಾರಿಸುತ್ತಾರೆ. ಅವರು ಹೂಂ ಎಂದರೆ ಖಾಯಂ ಪರವಾನಗಿ, ಉಹೂಂ ಎಂದರೆ ಗಂಟುಮೂಟೆ ಕಟ್ಟಬೇಕು. ಹಿಂದೆ ಎಲ್ಲಾದರೂ ಮೂರು ವರ್ಷ ಈ ಕೆಲಸ ಮಾಡಿದ್ದಕ್ಕೆ ಪುರಾವೆ ಕೊಟ್ಟರೆ ಕೋರ್ಸಿನಲ್ಲಿ ಒಂದು ವರ್ಷ ಬಿಡುತ್ತಾರೆ, ಕಚೇರಿಯವರೂ ಬೇಗ ಒಪ್ಪುತ್ತಾರೆ. ಇಷ್ಟು ಓದಿದ ಮೇಲೆ ನಿನಗೆ ಅರ್ಧ ಗೊತ್ತಾಗಿರುತ್ತದೆ. ಆದರೂ ನಾನೇ ಬರೆಯಬೇಕು.

ಹೊರಡುವ ಮುಂಚೆ ನಿನ್ನ ಕೆಲಸದ ವಿಡಿಯೋ ಬೇಕು ಎಂದು ಕೇಳಿದ್ದೆನಲ್ಲ. ನಮ್ಮಣ್ಣ ಎಂಥ ಕೆಲಸಗಾರ ಎಂದು ಅಲ್ಲಿ ಗೆಳೆಯರಿಗೆ ತೋರಿಸುತ್ತೇನೆ, ಕೈ ಮಾತ್ರ ಬಂದರೆ ಸಾಕು ಎಂದಿದ್ದೆ. ಅತ್ತಿಗೆ ಸ್ಟೂಲಿನ ಮೇಲೆ ನಿಂತು ಮೂರು ದಿನ ಚಿತ್ರ ತೆಗೆದರು. ಕೈ ಮಾತ್ರ ಎಂದು ಎಷ್ಟು ಹೇಳಿದರೂ ಕೇಳದೆ ನೀನು ಇಸ್ತ್ರಿ ಶರ್ಟು ಹಾಕಿಕೊಂಡೆ. ವಿಡಿಯೋದಲ್ಲಿ ಆ ಶರ್ಟಿನ ತೋಳಿನ ಮಡಿಕೆ ಗೀರು ಎಳೆದ ಹಾಗೆ ಕಾಣುತ್ತದೆ. ಆ ವಿಡಿಯೋವನ್ನು ನಾನು ಯಾವ ಗೆಳೆಯನಿಗೂ ತೋರಿಸಲಿಲ್ಲ. ಅರ್ಜಿಯ ಜೊತೆ ಇಟ್ಟು, ಈ ಕೈ ನನ್ನದು ಎಂದು ಬರೆದೆ. ಆಮೇಲೆ ಇಂಗ್ಲಿಷಿನ ಒಂದು ಕಾಗದಕ್ಕೆ ನಿನ್ನಿಂದ ಸಹಿ ಹಾಕಿಸಿದೆ, ಹಾಸ್ಟೆಲಿನವರು ಮನೆಯವರ ಒಪ್ಪಿಗೆ ಕೇಳಿದ್ದಾರೆ ಎಂದು ಹೇಳಿ. ಅದು ಒಪ್ಪಿಗೆಯ ಕಾಗದವಲ್ಲ. ಈತ ನನ್ನ ಅಂಗಡಿಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದಾನೆ, ವಿಡಿಯೋದಲ್ಲಿರುವುದು ಇವನ ಕೆಲಸವೇ ಎಂದು ಅದರಲ್ಲಿತ್ತು. ನೀನು ಓದಲು ಹೋಗಲೇ ಇಲ್ಲ. ಕೈಯಲ್ಲಿದ್ದ ಉಳಿ ಕೆಳಗಿಟ್ಟು, ಅಂಗೈ ಒರೆಸಿಕೊಂಡು, ಅಪ್ಪ ಕಲಿಸಿದ ಹಾಗೆ ಬಲಗೈಯಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದೆ. "ಇಷ್ಟು ಸಾಕಾ, ಇನ್ನೊಂದು ಕಡೆ ಹಾಕಬೇಕಾ" ಎಂದೂ ಕೇಳಿದೆ.

ಇಲ್ಲಿ ಹತ್ತು ತಿಂಗಳು ಹೇಗೋ ಕಳೆಯಿತು. ಒಂದನೇ ವರ್ಷ ಹಾರಿ ಎರಡನೇ ವರ್ಷಕ್ಕೆ ಕೂತವನು ನಾನು, ಮೊಳೆ ನೆಟ್ಟಗೆ ಹೊಡೆಯಲು ಬರುತ್ತಿರಲಿಲ್ಲ. ಬಾಗಿದ ಮೊಳೆಗಳನ್ನು ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡು ಬರುತ್ತಿದ್ದೆ. ನಮ್ಮ ಕಾರ್ಖಾನೆ ಕ್ಲಾಸು ದೊಡ್ಡ ತಗಡಿನ ಶೆಡ್ಡು. ಹನ್ನೆರಡು ಕೆಲಸದ ಮೇಜು, ಗೋಡೆ ಮೇಲೆ ಪ್ರತಿ ಉಪಕರಣದ ಆಕಾರವನ್ನೇ ಬಣ್ಣದಲ್ಲಿ ಬರೆದಿರುತ್ತಾರೆ, ಸಂಜೆ ಒಂದು ಉಳಿ ಕಾಣೆಯಾದರೂ ಖಾಲಿ ಗುರುತು ಚಾಡಿ ಹೇಳುತ್ತದೆ. ಕಲಿಸುವವರು ಅರವತ್ತು ದಾಟಿದ ಒಬ್ಬ ಮೇಷ್ಟ್ರು. ಮಾತು ಕಡಿಮೆ. ನಾನು ಹಲಗೆ ಹಾಳು ಮಾಡಿದಾಗ ಬೈಯುವುದಿಲ್ಲ, ಹಾಳಾದ ಹಲಗೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಹಲಗೆ ತಂದಿಡುತ್ತಾರೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಚೇರಿಗೆ ಕಳಿಸುವ ಫೈಲಿಗೆ ಮೇಷ್ಟ್ರು ತಮ್ಮ ಅಭಿಪ್ರಾಯ ಬರೆಯಬೇಕು. ಅದಕ್ಕಾಗಿ ಹೋದ ತಿಂಗಳು ನನ್ನ ಅರ್ಜಿ ತೆಗೆದು ವಿಡಿಯೋ ನೋಡಿದ್ದಾರೆ. ಮಾರನೆಯ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಹಚ್ಚಿದರು. ಪೆಟ್ಟಿಗೆಯ ಮೂಲೆ ಕೂಡಿಸುವ ಭಾಗ ಬಂದಾಗ, ನೀನು ಎಡಗೈಯ ಹೆಬ್ಬೆರಳನ್ನು ಉಳಿಯ ಬೆನ್ನಿಗೆ ಒತ್ತಿ ಕಾಗದದಷ್ಟು ತೆಳ್ಳಗೆ ಸವರುತ್ತೀಯಲ್ಲ, ಅಲ್ಲಿ ನಿಲ್ಲಿಸಿದರು. ಮೂವತ್ತು ವರ್ಷ ಕಲಿಸಿದ್ದೇನೆ, ಇಂಥ ಕೈ ಎರಡೋ ಮೂರೋ ನೋಡಿದ್ದೇನೆ ಎಂದರು. ಅಣ್ಣ, ಇದನ್ನು ಮಾತ್ರ ನೀನು ಎರಡು ಸಲ ಓದು, ಇದು ನಿನಗೆ ಬಂದದ್ದು. ನಾನು ತಲೆ ತಗ್ಗಿಸಿ ಅದನ್ನು ತೆಗೆದುಕೊಂಡೆ. ಅವರು ಅದನ್ನು ವಿನಯ ಎಂದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, ಈ ಕೈ ಎಡಚನದು, ನೀನು ಬಲಗೈಯಲ್ಲಿ ಕೆಲಸ ಮಾಡುತ್ತೀಯಲ್ಲ ಎಂದು.

ಅಷ್ಟು ತಿಂಗಳಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ. ನಿನ್ನನ್ನು ನೋಡಿಕೊಂಡೇ ಬೆಳೆದವನು, ನಿನ್ನ ಕೆಲಸ ಎಡಗೈಯಲ್ಲಿ ನಡೆಯುವುದು ನನಗೆ ಕಣ್ಣಿಗೇ ಬೀಳುವುದಿಲ್ಲ. ಆ ಗಳಿಗೆಯಲ್ಲಿ ನಿಜ ಹೇಳಬಹುದಿತ್ತು, ಬಾಗಿಲು ತೆರೆದೇ ಇತ್ತು. ನಾನು ನಮ್ಮನೆಯ ಕಥೆ ಹೇಳಿದೆ. ನನ್ನ ಅಪ್ಪ ಕಚೇರಿಯ ಗುಮಾಸ್ತ, ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಮಗ ಎಡಗೈಯಲ್ಲಿ ಬಳಪ ಹಿಡಿದದ್ದನ್ನು ಅವರಿಂದ ನೋಡಲಾಗಲಿಲ್ಲ. ಅಮ್ಮನ ಲಂಗದ ಲಾಡಿಯಿಂದ ನನ್ನ ಎಡಗೈಯನ್ನು ಚಡ್ಡಿಯ ಪಟ್ಟಿಗೆ ಕಟ್ಟಿಹಾಕುತ್ತಿದ್ದರು, ಸಂಜೆವರೆಗೆ. ಮಣಿಕಟ್ಟಿನ ಸುತ್ತ ಲಾಡಿಯ ಗುರುತು ಕೆಂಪಗೆ ಉಳಿಯುತ್ತಿತ್ತು. ದೊಡ್ಡವನಾದ ಮೇಲೆ ಕದ್ದುಮುಚ್ಚಿ ಎಡಗೈಯಲ್ಲೇ ಕೆಲಸ ಕಲಿತೆ, ಆದರೆ ಇಲ್ಲಿಗೆ ಬಂದ ಮೇಲೆ ಹೊಸಬರ ಮುಂದೆ ಆ ಹಳೆಯ ಭಯ ತಿರುಗಿ ಬಂದು ಬಲಗೈಗೆ ಬದಲಾಯಿಸಿಕೊಂಡೆ. ಹೀಗೆಲ್ಲ ಹೇಳಿದೆ ಅಣ್ಣ, ಒಂದಿಷ್ಟೂ ತಡವರಿಸದೆ. ನಿನ್ನ ಕೈಗೆ ಬಿದ್ದ ಕಟ್ಟನ್ನು ನನ್ನ ಕೈಗೆ ಹಾಕಿಕೊಂಡೆ. ತೀರಿಕೊಂಡ ಅಪ್ಪನನ್ನೂ ಬಿಡಲಿಲ್ಲ. ಆ ಕಥೆಯಲ್ಲಿ ಒಬ್ಬ ತಮ್ಮನೂ ಇದ್ದನಲ್ಲ, ಅವನನ್ನು ಮಾತ್ರ ಬಿಟ್ಟೆ.

ನಿನಗೆ ಎಂಟು, ನನಗೆ ಆರು. ಅಪ್ಪ ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಓಡಿಹೋಗಿ "ಇವತ್ತು ಎಡಗೈಲಿ ಬರೆದ, ಎಡಗೈಲಿ ಚೆಂಡು ಎಸೆದ" ಎಂದು ವರದಿ ಒಪ್ಪಿಸುತ್ತಿದ್ದೆ. ಒಂದು ವರದಿಗೆ ಒಂದು ಪೆಪ್ಪರ್‌ಮಿಂಟು. ನೀನು ಏನೂ ಮಾಡದ ದಿನವೂ ಹೇಳಿದ್ದೇನೆ, ಪೆಪ್ಪರ್‌ಮಿಂಟಿನ ಆಸೆಗೆ. ಇದನ್ನು ನೀನು ಅಂದಾಜು ಮಾಡಿರಬಹುದು, ನಾನು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಕೈ ಕಟ್ಟಿಸಿಕೊಂಡು ಮೆಟ್ಟಿಲ ಮೇಲೆ ಕೂತ ನಿನ್ನ ಪಕ್ಕದಲ್ಲಿ ಕೂತು, ಪೆಪ್ಪರ್‌ಮಿಂಟನ್ನು ಕಚ್ಚಿ ಅರ್ಧ ಕೊಡುತ್ತಿದ್ದೆ. ನೀನು ಬಾಯಿ ತೆರೆಯುತ್ತಿದ್ದೆ, ನಾನು ಹಾಕುತ್ತಿದ್ದೆ. ಬಲಗೈ ಬಿಡುವಾಗಿತ್ತಲ್ಲ, ನೀನೇ ಯಾಕೆ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಈಗ ಯೋಚಿಸುತ್ತೇನೆ. ನಿನ್ನ ಬಲಗೈ ಅಕ್ಷರ ಕೊನೆಯವರೆಗೂ ಕೋಳಿ ಕೆದರಿದ ಹಾಗೇ ಉಳಿಯಿತು, ಪರೀಕ್ಷೆಯಲ್ಲಿ ಪೂರ್ತಿ ಬರೆದು ಮುಗಿಸಲು ನಿನಗೆ ಯಾವತ್ತೂ ಹೊತ್ತು ಸಾಲಲಿಲ್ಲ, ಹತ್ತನೇ ಕ್ಲಾಸಿಗೆ ಓದು ನಿಂತಿತು. ನಾನು ಕಾಲೇಜಿಗೆ ಹೋದೆ. ಮನೆಗೆ ಬಂದವರೆಲ್ಲ ದೊಡ್ಡವನು ದಡ್ಡ, ಚಿಕ್ಕವನು ಚುರುಕು ಎಂದರು, ನಾನು ಅದನ್ನು ನಂಬಿಕೊಂಡೇ ಬೆಳೆದೆ.

ನಿನ್ನನ್ನು ಕೆಲಸಕ್ಕೆ ಸೇರಿಸಿಕೊಂಡ ಮುದುಕಪ್ಪ ಯಜಮಾನರು ಮೊದಲನೇ ದಿನ ಏನು ಮಾಡಿದರು ಎಂದು ನೀನು ಎಷ್ಟು ಸಲ ಹೇಳಿಲ್ಲ! ಹಲಗೆ ಕಚ್ಚಿ ಹಿಡಿಯುವ ವೈಸು ಎಲ್ಲರ ಮೇಜಿನಲ್ಲಿ ಎಡತುದಿಗೆ ಇರುತ್ತದೆ, ಬಲಗೈಯವರಿಗೆ ಅದೇ ಅನುಕೂಲ. ಅವರು ಬೀಡಿ ಬಾಯಲ್ಲಿಟ್ಟುಕೊಂಡು, ಏನೂ ಮಾತಾಡದೆ, ಬೋಲ್ಟು ಬಿಚ್ಚಿ, ವೈಸನ್ನು ಬಲತುದಿಗೆ ಕೂರಿಸಿ "ಈಗ ಮಾಡು" ಎಂದರಂತೆ. ಅವತ್ತು ಮನೆಗೆ ಬಂದು ನೀನು ಇಬ್ಬರ ಊಟ ಮಾಡಿದೆ ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಅಣ್ಣ, ಇಲ್ಲಿಯ ಮೇಷ್ಟ್ರೂ ಎಡಚರು. ನನ್ನ ಕಥೆ ಮುಗಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, ತಮಗೂ ಶಾಲೆಯಲ್ಲಿ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು ಎಂದು ಹೇಳಿ, ಆ ಗೆಣ್ಣುಗಳನ್ನು ನನಗೆ ತೋರಿಸಿದರು. ಮಾರನೆಯ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ನನ್ನ ಮೇಜಿನ ಕೆಳಗೆ ಎರಡು ಕಾಲು ಕಾಣುತ್ತಿದ್ದವು. ಅವರು ಅಂಗಾತ ಮಲಗಿ ಬೋಲ್ಟು ಬಿಚ್ಚುತ್ತಿದ್ದರು. ಒಂದು ಗಂಟೆ ಹಿಡಿಯಿತು. ವೈಸು ಬಲತುದಿಗೆ ಬಂತು. ಎದ್ದು, ಬೆನ್ನಿನ ಹುಡಿ ಕೊಡವಿಕೊಂಡು, ಜೇಬಿನಿಂದ ಗುರುತು ಹಾಕುವ ಸಣ್ಣ ಚಾಕು ತೆಗೆದು ಕೊಟ್ಟರು. ಎಡಗೈಯವರಿಗೆಂದು ಒಂದೇ ಮಗ್ಗುಲಿಗೆ ಸಾಣೆ ಹಿಡಿದ ಚಾಕು, ಅವರು ಕಲಿಯುವಾಗ ತಾವೇ ಮಾಡಿಕೊಂಡದ್ದಂತೆ. ಕ್ಲಾಸಿನವರೆಲ್ಲ ಚಪ್ಪಾಳೆ ತಟ್ಟಿದರು. ಆವತ್ತು ನೆಲ ಬಾಯಿ ಬಿಟ್ಟಿದ್ದರೆ ನಾನು ಹೋಗಿಬಿಡುತ್ತಿದ್ದೆ. ಯಜಮಾನರು ವೈಸು ಬದಲಿಸಿದ ಆ ದಿನ ನಿನಗೆ ಸಿಕ್ಕ ಒಂದೇ ಒಂದು ಒಳ್ಳೆಯ ಬೆಳಿಗ್ಗೆ ಎಂದು ನನಗೆ ಗೊತ್ತು, ಅದನ್ನೂ ಹೊತ್ತುಕೊಂಡು ಬಂದೆ.

ಅವತ್ತಿನಿಂದ ನಾಲ್ಕು ವಾರ ಎಡಗೈಯಲ್ಲಿ ಕೆಲಸ ಮಾಡುತ್ತಿದ್ದೇನೆ, ಬೇರೆ ದಾರಿಯೇ ಇಲ್ಲ. ಗರಗಸ ಗೆರೆ ಬಿಟ್ಟು ತನಗೆ ತೋಚಿದ ಕಡೆ ಹೋಗುತ್ತದೆ. ಕೊಡತಿ ಉಳಿಯ ಮೇಲೆ ಬೀಳುವ ಬದಲು ನನ್ನ ಬಲಗೈ ಬೆರಳಿನ ಮೇಲೆ ಬೀಳುತ್ತದೆ, ಎರಡು ಉಗುರು ಕಪ್ಪಾಗಿವೆ. ನಾನು ಹಾಳು ಮಾಡಿದ ಪ್ರತಿ ಹಲಗೆಗೂ ಮೇಷ್ಟ್ರು ಹೆಗಲು ತಟ್ಟುತ್ತಾರೆ. ಕೈ ಮರೆಯುವುದಿಲ್ಲ, ನಿಧಾನಕ್ಕೆ ವಾಪಸು ಬರುತ್ತದೆ ಎನ್ನುತ್ತಾರೆ. ಏನು ಬರುತ್ತದೆ, ಇದ್ದರೆ ತಾನೇ ಬರುವುದು? ಎರಡನೇ ವಾರ ಒಂದು ಮಧ್ಯಾಹ್ನ, ಬರೀ ಒಂದು ನೆಟ್ಟಗಿನ ಗೆರೆ ಎಳೆಯಲು ಹೋಗಿ ಏಳು ಸಲ ತಪ್ಪಿದಾಗ, ಕಣ್ಣಲ್ಲಿ ನೀರು ಬಂತು. ಬರದ ಕೈಯಲ್ಲಿ ಒಂದು ದಿನ ಬದುಕುವುದೇ ಇಷ್ಟು ಕಷ್ಟ, ನೀನು ಹತ್ತು ವರ್ಷ ಹಾಗೆ ಶಾಲೆಯಲ್ಲಿ ಕೂತೆಯಲ್ಲ. ಹೋದ ವರ್ಷ ಅತ್ತಿಗೆ ಫೋನಿನಲ್ಲಿ, ಪುಟ್ಟಿ ಎಡಗೈಯಲ್ಲಿ ಚಿತ್ರ ಬರೆಯುತ್ತಾಳೆ ಎಂದರು. ನಾನು ತಮಾಷೆಗೆ "ಈಗಲೇ ಬದಲಾಯಿಸಿ ಅತ್ತಿಗೆ, ಇಲ್ಲದಿದ್ರೆ ಅಣ್ಣನ ಥರ ಆಗ್ತಾಳೆ" ಎಂದುಬಿಟ್ಟೆ. ಫೋನು ಸ್ಪೀಕರಿನಲ್ಲಿತ್ತು, ನೀನೂ ಅಲ್ಲೇ ಕೂತಿದ್ದೆ ಎಂದು ಆಮೇಲೆ ತಿಳಿಯಿತು.

ಈಗ ಮುಖ್ಯ ವಿಷಯ. ಮೇಷ್ಟ್ರು ನನ್ನ ಬಗ್ಗೆ ಎರಡು ಪುಟ ಒಳ್ಳೆಯದನ್ನೇ ಬರೆದು ಫೈಲು ಕಳಿಸಿದ್ದಾರೆ. ಕಚೇರಿಯವರಿಗೆ ಉಳಿದಿರುವುದು ಒಂದೇ ಕೆಲಸ, ಹಳೆಯ ಯಜಮಾನನಿಗೆ, ಅಂದರೆ ನಿನಗೆ, ಫೋನು ಮಾಡಿ ವಿಚಾರಿಸುವುದು. ಬರುವ ಶುಕ್ರವಾರ, ನಿನ್ನ ಗಡಿಯಾರದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ. ಕನ್ನಡ ಬಲ್ಲವರೊಬ್ಬರು ನಡುವೆ ಇರುತ್ತಾರೆ, ಹೆದರಬೇಡ. ಮೂರು ವರ್ಷ ಕೆಲಸ ಮಾಡಿದನೇ ಎಂದು ಕೇಳುತ್ತಾರೆ, ವಿಡಿಯೋದಲ್ಲಿರುವ ಕೈ ಯಾರದು ಎಂದು ಕೇಳುತ್ತಾರೆ. ನೀನು ಹೌದು, ಅವನದೇ ಎಂದರೆ ನನ್ನ ಪರವಾನಗಿ ಆಯಿತು. ಆಮೇಲೆ ಅಮ್ಮನನ್ನು ಕರೆಸಿಕೊಳ್ಳಬಹುದು, ಒಳ್ಳೆಯ ಮನೆ ಹಿಡಿಯಬಹುದು, ಎಲ್ಲ ಆಗುತ್ತದೆ. ಅಲ್ಲ ಎಂದರೆ ನಾನು ತಿಂಗಳೊಳಗೆ ಹೊರಡಬೇಕು, ಮತ್ತೆ ಅರ್ಜಿ ಹಾಕುವ ಹಾಗೂ ಇಲ್ಲ. ನಾನು ಕೇಳಿದರೆ ನೀನು ಹೌದು ಎನ್ನುತ್ತೀಯ. ಏನು ಎತ್ತ ಎಂದು ವಿಚಾರಿಸದೆ, ಅಂಗೈ ಒರೆಸಿಕೊಂಡು ಫೋನು ಎತ್ತಿಕೊಂಡು ಹೇಳುತ್ತೀಯ. ಅದು ನನಗೆ ಚೆನ್ನಾಗಿ ಗೊತ್ತಿರುವುದರಿಂದಲೇ ಮೂರು ಸಲ ಫೋನು ಮಾಡಿದ್ದು. ನಿಜ ಹೇಳಬೇಕೆಂದರೆ ಇವತ್ತು ಬೆಳಿಗ್ಗೆ ಈ ಕಾಗದಕ್ಕೆ ಕೂತದ್ದೂ ಅದನ್ನು ಕೇಳುವುದಕ್ಕೇ. ಬರೆಯುತ್ತ ಬರೆಯುತ್ತ ಎಲ್ಲೆಲ್ಲಿಗೋ ಹೋದೆ. ಏನು ಹೇಳಬೇಕು ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ ಎಂದುಕೊಂಡಿದ್ದೆ, ಕೊನೆ ಬಂದೇಬಿಟ್ಟಿತು, ಕೈ ಓಡುತ್ತಿಲ್ಲ.

ಅಮ್ಮನ ಎರಡೂ ಕಾಲಿಗೆ ನನ್ನ ನಮಸ್ಕಾರ, ನೋವಿರುವ ಕಾಲಿಗೆ ಮೊದಲು. ಅತ್ತಿಗೆಗೆ, ಸ್ಟೂಲಿನ ಮೇಲೆ ನಿಂತು ಮೂರು ದಿನ ಚಿತ್ರ ತೆಗೆದದ್ದಕ್ಕೆ, ಯಾವ ಮುಖ ಇಟ್ಟುಕೊಂಡು ಏನು ಹೇಳಲಿ ಗೊತ್ತಾಗುತ್ತಿಲ್ಲ. ಪುಟ್ಟಿಗೆ ಬಣ್ಣದ ಪೆನ್ಸಿಲಿನ ಡಬ್ಬಿ ನರ್ಸಮ್ಮನ ಜೊತೆ ಕಳಿಸುತ್ತಿದ್ದೇನೆ, ಯಾವ ಕೈಗೆ ಬರುತ್ತದೋ ಆ ಕೈಯಲ್ಲೇ ಬರೆಯಲಿ. ನಿನ್ನ ಸೊಂಟ ನೋಡಿಕೋ, ಭಾರ ಎತ್ತುವಾಗ ಇನ್ನೊಬ್ಬರನ್ನು ಕರೆ.

ನಿನ್ನ ಕ್ಷಮೆ ಕೇಳುವ ಯೋಗ್ಯತೆಯೂ ಇಲ್ಲದ,
ತಮ್ಮ

ತಾ.ಕ.: ನರ್ಸಮ್ಮ ಕೆಳಗಿನಿಂದ ಕೂಗುತ್ತಿದ್ದಾರೆ, ಟ್ಯಾಕ್ಸಿ ಬಂದಿದೆ. ಅಕ್ಷರ ಓದಲು ಕಷ್ಟವಾದರೆ ಬೇಸರ ಮಾಡಿಕೊಳ್ಳಬೇಡ, ಇಷ್ಟನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯಲ್ಲಿ ಬರೆದರೆ ಮತ್ತೆ ಏನಾದರೂ ಜಾಣತನ ಬಂದುಬಿಡುತ್ತದೆ. ನಾಳೆ ಬೆಳಿಗ್ಗೆ ಮೊದಲು ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಹೇಳುತ್ತೇನೆ, ಚಾಕು ವಾಪಸು ಕೊಟ್ಟು, ಮೇಜಿನ ಕೆಳಗೆ ಮಲಗಿ ವೈಸನ್ನು ನಾನೇ ಬಿಚ್ಚಿ ಎಡತುದಿಗೆ ಹಾಕುತ್ತೇನೆ. ಶುಕ್ರವಾರ ಅವರು ಕೇಳಿದಾಗ ಇವನು ಒಂದು ದಿನವೂ ನನ್ನ ಅಂಗಡಿಯಲ್ಲಿ ಕೆಲಸ ಮಾಡಿಲ್ಲ ಅನ್ನು. ಕಾಗದಕ್ಕೆ ಓದದೆ ಸಹಿ ಹಾಕಿದೆ, ತಮ್ಮ ಮೋಸ ಮಾಡಿದ ಅನ್ನು. ನನ್ನ ಮೇಲಿನ ಅಕ್ಕರೆಗೆ ಹೌದು ಅನ್ನಬೇಡ ಅಣ್ಣ, ಇದೊಂದು ಸಲ ನನ್ನ ಮೇಲೆ ವರದಿ ಒಪ್ಪಿಸು. ಕೈ ಯಾರದು ಅಂತ ಕೇಳಿದರೆ, ಅದು ನಿನ್ನ ಕೈ, ನಿನ್ನ ಎಡಗೈ ಅಂತ ಗಟ್ಟಿಯಾಗಿ ಹೇಳು.